ಲೋಟಸ್ 49 ಓಡಿಸೋದು ಕಲಿತ ಕಥೆ

ಹೋದ ತಿಂಗಳು ಅಕ್ಕನ ಮಗ ರಜಕ್ಕೆ ಅಂತ ನಮ್ಮನೆಗೆ ಬಂದಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿದಾನೆ, ನನ್ನ ರೂಮಲ್ಲಿ ಸ್ಟಿಯರಿಂಗ್ ವೀಲು ಪೆಡಲ್ಲು ಎಲ್ಲಾ ಟೇಬಲ್ಲಿಗೆ ಫಿಟ್ ಆಗಿರೋದು ನೋಡಿದ್ದೇ ತಡ, ಮಾಮ ಒಂದೇ ಒಂದ್ ರೌಂಡು ಅಂತ ಬೆನ್ನು ಹತ್ತಿದ. ಸರಿ ಬಾ ಅಂತ ಅಸೆಟ್ಟೊ ಕೋರ್ಸಾ ಅನ್ನೋ ಕಾರ್ ರೇಸ್ ಗೇಮು ಹಾಕಿ, ಬೇಕು ಅಂತಲೇ 1967ರ ಫಾರ್ಮುಲಾ ಒನ್ ಕಾರು ಲೋಟಸ್ 49 ಆರಿಸಿ, ಟ್ರ್ಯಾಕು ಇಟಲಿಯ ಹಳೇ 1966ರ ಮೊಂಜಾ ಇಟ್ಟು ಕೊಟ್ಟೆ. ರೆಕ್ಕೆ ಇಲ್ಲ, ಚಕ್ರ ಜಾರದ ಹಾಗೆ ನೋಡ್ಕೊಳ್ಳೋ ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಬೆನ್ನ ಹಿಂದೆ 400 ಹಾರ್ಸ್‌ಪವರ್ ಎಂಜಿನ್ನು, ಇಡೀ ಗಾಡಿ ತೂಕ ಸುಮಾರು 500 ಕೆಜಿ ಅಷ್ಟೇ. ಮೊದಲ ಐದಾರು ಸಲ ಹುಡುಗ ಗಿರಗಿರ ಅಂತ ತಿರುಗಿ ಹುಲ್ಲಿಗೆ ಹೋದ. ಆಮೇಲೆ ಸುಮ್ಮನಾದ, ಮಾತು ನಿಂತೋಯ್ತು, ಇಪ್ಪತ್ತೈದು ನಿಮಿಷ ಆಗೋ ಹೊತ್ತಿಗೆ ಒಂದ್ಸಲವೂ ಜಾರದೆ ಪೂರ್ತಿ ಒಂದು ರೌಂಡು ಮುಗಿಸಿಬಿಟ್ಟ. ನಾನು ಹಿಂದೆ ನಿಂತು ಅವನ ಕೈನೇ ನೋಡ್ತಿದ್ದೆ, ಗಾಡಿಯ ಹಿಂಭಾಗ ಜಾರೋದು ಕಣ್ಣಿಗೆ ಕಾಣೋ ಮುಂಚೇನೇ ಅವನ ಕೈ ಉಲ್ಟಾ ತಿರುಗ್ತಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ.

ಖುಷಿ ಆಯ್ತು, ಅದರ ಜೊತೆ ಎದೆಯೊಳಗೆ ಏನೋ ಒಂದು ಚುಳ್ ಅಂತು. ಯಾಕಂದ್ರೆ ಇದೇ ಕಾರಲ್ಲಿ ಇದೇ ಮೊಂಜಾದಲ್ಲಿ ಒಂದು ಕ್ಲೀನ್ ರೌಂಡ್ ಹೊಡಿಯೋಕೆ 2001ರಲ್ಲಿ ನನಗೆ ಮೂರು ವಾರ ಹಿಡಿದಿತ್ತು. ಅವತ್ತಿಂದ ಇದೇ ತಲೇಲಿ ಓಡ್ತಿದೆ, ಬರೆದೇ ಬಿಡೋಣ ಅಂತ ಕೂತಿದೀನಿ.

ನಾನು ಆಗ ಓಡಿಸಿದ್ದು ಗ್ರಾಂಡ್ ಪ್ರಿ ಲೆಜೆಂಡ್ಸ್ ಅನ್ನೋ ಗೇಮು, ಗೊತ್ತಿರೋರು ಜಿಪಿಎಲ್ ಅಂತಾರೆ. 1998ರಲ್ಲಿ ಅಮೆರಿಕದ ಪಪೈರಸ್ ಮಾಡಿದ್ದು, ಸಿಯೆರಾ ಪಬ್ಲಿಷ್ ಮಾಡಿದ್ದು. ಆಗ ಎಲ್ಲರೂ ಆ ವರ್ಷದ ಫಾರ್ಮುಲಾ ಒನ್ ಸೀಸನ್ನೇ ಗೇಮ್ ಮಾಡ್ತಿದ್ರು, ಇವರು ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಿ 1967ರ ಸೀಸನ್ ತಗೊಂಡ್ರು. ಆ ವರ್ಷಕ್ಕೆ ಒಂದು ವಿಶೇಷ ಇದೆ. ಕಾರುಗಳ ಮೇಲೆ ರೆಕ್ಕೆ ಬಂದಿದ್ದು 1968ರಲ್ಲಿ, ಸಿಗರೇಟ್ ಕಂಪನಿ ಬಣ್ಣ ಬಂದಿದ್ದೂ ಅದೇ ವರ್ಷ. 67ರಲ್ಲಿ ಇನ್ನೂ ಇಂಗ್ಲೆಂಡಿನ ಗಾಡಿ ಅಂದ್ರೆ ಹಸಿರು, ಇಟಲಿ ಗಾಡಿ ಅಂದ್ರೆ ಕೆಂಪು, ಉದ್ದ ಸಿಗಾರ್ ಥರದ ಬಾಡಿ, ನಾಲ್ಕು ಚಕ್ರ ಹೊರಗೆ. ಅದೇ ವರ್ಷ 3 ಲೀಟರಿನ ಫೋರ್ಡ್ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನು ಲೋಟಸ್ 49ರಲ್ಲಿ ಬಂತು, ಹಾಲೆಂಡಿನ ಜಾಂಡ್‌ವೋರ್ಟಲ್ಲಿ ಮೊದಲ ರೇಸಲ್ಲೇ ಲೋಟಸ್ ಡ್ರೈವರ್ ಜಿಮ್ ಕ್ಲಾರ್ಕ್ ಗೆದ್ದ. ಪವರ್ ಇದೆ, ಆದ್ರೆ ಆ ಪವರನ್ನ ನೆಲಕ್ಕೆ ಒತ್ತಿ ಹಿಡಿಯೋಕೆ ರೆಕ್ಕೆ ಇಲ್ಲ, ಅಗಲದ, ಗೀರಿಲ್ಲದ ಸ್ಲಿಕ್ ಟೈರ್ ಇಲ್ಲ. ಅಂದ್ರೆ ಗಾಡಿ ಯಾವಾಗ್ಲೂ ಸ್ವಲ್ಪ ಜಾರ್ತಾನೇ ಇರುತ್ತೆ, ಆ ಜಾರೋದನ್ನ ಬಳಸ್ಕೊಂಡೇ ಓಡಿಸ್ಬೇಕು. ನಿಜವಾದ ಗಾಡಿ ಹೇಗೆ ಓಡುತ್ತೋ ಹಾಗೇ ಗೇಮಲ್ಲಿ ಓಡಬೇಕು ಅಂತ ಸಿಮ್ಯುಲೇಷನ್, ಅಂದ್ರೆ ಸಿಮ್, ಮಾಡೋರಿಗೆ ಇದಕ್ಕಿಂತ ಒಳ್ಳೆ ವಿಷಯ ಇನ್ನೆಲ್ಲಿ ಸಿಗುತ್ತೆ ಹೇಳಿ.

ಇದಕ್ಕೂ ಮುಂಚೆ ನಮ್ಮ ಹಾಸ್ಟೆಲ್ಲಲ್ಲಿ ಓಡ್ತಿದ್ದಿದ್ದು ಜಾಫ್ ಕ್ರಾಮಂಡ್ ಮಾಡಿದ ಗ್ರಾಂಡ್ ಪ್ರಿ 2. ಮಿಕ್ಕ ರೂಮುಗಳಲ್ಲೆಲ್ಲ ರೋಡ್ ರ‍್ಯಾಶ್, ನೀಡ್ ಫಾರ್ ಸ್ಪೀಡ್, ನಮ್ಮ ರೂಮಲ್ಲಿ ಮಾತ್ರ ಇದು. ಎಸ್‌ಪಿ ರೋಡಲ್ಲಿ ಪಾರ್ಟ್ ಪಾರ್ಟ್ ತಂದು ಜೋಡಿಸಿದ್ದ ಪಿಸಿ, ಮೂರು ಜನರ ದುಡ್ಡು. ಜಿಪಿ2ದು ಒಂದು ವಿಚಿತ್ರ ಇತ್ತು. ಕಂಪ್ಯೂಟರಿಗೆ ಶಕ್ತಿ ಸಾಲದೆ ಹೋದ್ರೆ ಬೇರೆ ಗೇಮುಗಳ ಥರ ಚಿತ್ರ ತುಂಡು ತುಂಡಾಗಿ ಬರ್ತಿರ್ಲಿಲ್ಲ, ಬದಲಿಗೆ ಆಟದೊಳಗಿನ ಕಾಲಾನೇ ನಿಧಾನ ಆಗ್ತಿತ್ತು. ಗ್ರಾಫಿಕ್ಸ್ ಎಲ್ಲಾ ಫುಲ್ ಇಟ್ಟು ಮೊನಾಕೋ ಟ್ರ್ಯಾಕು ಹಾಕಿದ್ರೆ ಸ್ಕ್ರೀನ್ ಮೇಲೆ ಒಂದು ಸೆಕೆಂಡು ಕಳಿಯೋ ಹೊತ್ತಿಗೆ ಗೋಡೆ ಗಡಿಯಾರದಲ್ಲಿ ಒಂದೂವರೆ ಆಗಿರ್ತಿತ್ತು. ಜೇನುತುಪ್ಪದಲ್ಲಿ ಓಡಿಸಿದ ಹಾಗೆ. ನಾವು ಅದರಲ್ಲೇ ಲ್ಯಾಪ್ ಟೈಮ್ ಪುಸ್ತಕದ ಹಿಂದೆ ಬರ್ಕೊಂಡು ಜಗಳ ಆಡ್ತಿದ್ವಿ, ಆಮೇಲೆ ಗೊತ್ತಾದ ಮೇಲೆ ಡೀಟೇಲ್ಸ್ ಎಲ್ಲಾ ಆಫ್ ಮಾಡಿ ನಿಜವಾದ ಸ್ಪೀಡಲ್ಲಿ ಓಡಿಸಿದ್ರೆ ಒಬ್ಬರಿಗೂ ಮೊದಲ ಟರ್ನಿಂಗೇ ಸಿಗ್ಲಿಲ್ಲ.

ಕ್ರಾಮಂಡ್ ಗೇಮುಗಳಲ್ಲಿ ಕಷ್ಟಕ್ಕೆ ಮೆಟ್ಟಿಲಿತ್ತು. ರೂಕಿಯಿಂದ ಏಸ್ ತನಕ ಐದು ಲೆವೆಲ್ಲು, ಕೀಬೋರ್ಡಲ್ಲಿ ಎಫ್1 ಕೀ ಒತ್ತಿದ್ರೆ ಬ್ರೇಕ್ ತಾನೇ ಹಿಡಿಯುತ್ತೆ, ಇನ್ನೊಂದು ಒತ್ತಿದ್ರೆ ಗೇರ್ ತಾನೇ ಬೀಳುತ್ತೆ, ಮತ್ತೊಂದು ಒತ್ತಿದ್ರೆ ರಸ್ತೆ ಮೇಲೆ ಎಲ್ಲಿ ಹೋಗ್ಬೇಕು ಅಂತ ಗೆರೆ ಬರುತ್ತೆ. ಲೆವೆಲ್ ಏರಿದ ಹಾಗೆ ಒಂದೊಂದೇ ಸಹಾಯ ಕಿತ್ಕೊಳ್ತಾ ಹೋಗುತ್ತೆ. ಮಗೂಗೆ ಸೈಕಲ್ ಕಲಿಸೋವಾಗ ಸಣ್ಣ ಚಕ್ರ ಬಿಚ್ಚೋ ಹಾಗೆ. ನನಗೆ ಈಗ್ಲೂ ಅನ್ಸೋದು, ಅಷ್ಟು ಮರ್ಯಾದೆಯಿಂದ ಕಲಿಸಿದ ಗೇಮು ಇನ್ನೊಂದಿಲ್ಲ ಅಂತ.

ಜಿಪಿಎಲ್‌ನಲ್ಲಿ ಅದೆಲ್ಲ ಹೆಸರಿಗಷ್ಟೇ. ಕಡಿಮೆ ಪವರಿನ ಟ್ರೇನರ್ ಕಾರುಗಳು ಇದ್ವು ನಿಜ, ಯಾರು ಅದನ್ನ ಮುಟ್ತಾರೆ, ನೇರವಾಗಿ ಲೋಟಸ್ ಹತ್ತಿದ್ವಿ. ಸೀನಿಯರ್ ಒಬ್ರು ಊರಿಗೆ ಹೋಗೋವಾಗ ಸಿಡಿ ಬಿಟ್ಟು ಹೋಗಿದ್ರು. ನಮ್ಮ ಪಿಸಿಲಿ 3ಡಿ ಕಾರ್ಡ್ ಇರ್ಲಿಲ್ಲ, ಅದಕ್ಕೆ ಸಾಫ್ಟ್‌ವೇರ್ ಮೋಡಲ್ಲಿ ಮರ ಅಂದ್ರೆ ಹಸಿರು ಚೌಕ, ಜನ ಅಂದ್ರೆ ಬಣ್ಣದ ಚುಕ್ಕೆ. ಕೈಲಿ ಒಂದು ಸಾದಾ ಜಾಯ್‌ಸ್ಟಿಕ್, ಮುಂದೆ ನೂಕಿದ್ರೆ ಗ್ಯಾಸು ಹಿಂದೆ ಎಳೆದ್ರೆ ಬ್ರೇಕು. ಮೊದಲನೇ ದಿನ ಗಾಡಿ ನಿಂತಿರೋ ಪಿಟ್ಟಿಂದ ಹೊರಗೇ ಬರೋಕಾಗ್ಲಿಲ್ಲ, ಫಸ್ಟ್ ಗೇರ್ ಹಾಕಿ ಗ್ಯಾಸ್ ಕೊಟ್ಟ ತಕ್ಷಣ ಹಿಂದಿನ ಚಕ್ರ ಸುತ್ತಿ ಗಾಡಿ ಅಡ್ಡ ನಿಲ್ತಿತ್ತು. ಮೂರು ಜನದಲ್ಲಿ ಒಬ್ಬ ಅವತ್ತೇ ಕೈಬಿಟ್ಟ, ಇದು ಗೇಮಲ್ಲ ಬಗ್ಗು, ಪ್ರೋಗ್ರಾಮಲ್ಲೇ ತಪ್ಪಿದೆ ಅಂದ. ದೊಡ್ಡ ದೊಡ್ಡ ದೇಶಗಳಲ್ಲೂ ಬಹಳ ಜನ ಇದೇ ಅಂದ್ರು, ರಿವ್ಯೂ ಬರೆದೋರು ಹೊಗಳಿದ್ರೂ ಗೇಮು ದುಡ್ಡು ಮಾಡ್ಲಿಲ್ಲ.

ನಾನು ಯಾಕೆ ಬಿಡ್ಲಿಲ್ಲ ಅಂದ್ರೆ ಅದು ನಮ್ಮ ದೊಡ್ಡಪ್ಪನಿಂದ. ಅವರು ಲಾರಿ ಓಡಿಸ್ತಿದ್ರು, ಮಂಗಳೂರು ಕಡೆ ಲೋಡು, ಚಾರ್ಮಾಡಿ ಘಾಟಿ ಅವರಿಗೆ ಮನೆ ಅಂಗಳ. ಚಿಕ್ಕವನಿದ್ದಾಗ ಒಂದೆರಡು ಸಲ ಪಕ್ಕದಲ್ಲಿ ಕೂತು ಹೋಗಿದ್ದೆ. ಪ್ರತಿ ತಿರುವಿಗೂ ಒಂದೇ ಮಾತು, "ಬ್ರೇಕಿನ ಕೆಲಸ ಎಲ್ಲಾ ಟರ್ನಿಂಗಿಗೆ ಮುಂಚೆ ಮುಗೀಬೇಕು ಮರಿ, ಒಳಗೆ ಹೋದ್ಮೇಲೆ ಬ್ರೇಕ್ ಮುಟ್ಟಿದ್ಯೋ ಹಿಂದಿಂದು ಮುಂದೆ ಬರುತ್ತೆ". ಹಿಂದಿಂದು ಮುಂದೆ ಬರುತ್ತೆ. ಜಿಪಿಎಲ್‌ನಲ್ಲಿ ನಾಲ್ಕನೇ ದಿನವೋ ಐದನೇ ದಿನವೋ ಮೊಂಜಾದ ಪ್ಯಾರಾಬೋಲಿಕಾ ತಿರುವಲ್ಲಿ ಸತತವಾಗಿ ಹದಿನೈದನೇ ಸಲ ತಿರುಗಿ ನಿಂತಾಗ ಆ ಮಾತು ಕಿವೀಲಿ ಹೇಳಿದ ಹಾಗೆ ಕೇಳಿಸ್ತು, ಮತ್ತೆ ಅರ್ಥ ಆಯ್ತು ಇದು ಬಗ್ಗಲ್ಲ, ಇದು ಲಾರಿ ಥರಾನೇ ತೂಕ ಇರೋ ಗಾಡಿ ಅಂತ. ಅಲ್ಲಿ ತನಕ ನಾನು ಆಡಿದ ಯಾವ ಗೇಮಲ್ಲೂ ಕಾರಿಗೆ ತೂಕ ಇರ್ಲಿಲ್ಲ.

ಪ್ಯಾರಾಬೋಲಿಕಾ ಒಂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊಂಜಾದ ಕೊನೇ ತಿರುವು, ಬಲಕ್ಕೆ, ಮೊದಲು ಬಿಗಿಯಾಗಿ ಶುರುವಾಗಿ ಹೋಗ್ತಾ ಹೋಗ್ತಾ ಅಗಲ ಆಗುತ್ತೆ. ಆ ಕಾಲದ ಮೊಂಜಾದಲ್ಲಿ ಸ್ಪೀಡ್ ಇಳಿಸೋಕೆ ಈಗ ಹಾಕಿರೋ ಅಂಕುಡೊಂಕು ಶಿಕೇನುಗಳು ಇಲ್ಲ, ಗಾಡಿ 250 ಮೀರಿದ ಸ್ಪೀಡಲ್ಲಿ ಬರ್ತಿರುತ್ತೆ. ಬ್ರೇಕ್ ಹಿಡಿದಾಗ ತೂಕ ಎಲ್ಲಾ ಮುಂದಿನ ಚಕ್ರಕ್ಕೆ ಹೋಗುತ್ತೆ, ಹಿಂದೆ ಹಗುರ. ಈ ಹೊತ್ತಲ್ಲಿ ಸ್ಟಿಯರಿಂಗ್ ತಿರುಗಿಸಿದ್ರೆ ಹಗುರ ಆದ ಹಿಂಭಾಗ ಸುಯ್ ಅಂತ ಆಚೆ ಹೋಗುತ್ತೆ. ಅದಕ್ಕೆ ನೇರ ಇರೋವಾಗಲೇ ಬ್ರೇಕ್ ಮುಗಿಸಿ, ಬ್ರೇಕನ್ನ ಒಮ್ಮೆಲೇ ಬಿಡದೆ ನಿಧಾನಕ್ಕೆ ಬಿಡ್ತಾ ಬಿಡ್ತಾ ಮೂತಿ ಒಳಗೆ ತಿರುಗಿಸ್ಬೇಕು. ತಿರುಗಿದ ಮೇಲೆ ಭಯ ಆಗುತ್ತೆ, ಕಾಲು ತಾನಾಗೇ ಗ್ಯಾಸಿಂದ ಎದ್ದೇಳುತ್ತೆ. ಎದ್ದಿತೋ ಮತ್ತೆ ತೂಕ ಮುಂದೆ, ಮತ್ತೆ ಹಿಂದೆ ಹಗುರ, ಮತ್ತೆ ಗಿರಕಿ. ಭಯ ಆದಾಗ ಗ್ಯಾಸ್ ಬಿಡಬಾರದು, ಚೂರು ಕೊಡಬೇಕು, ಕೊಟ್ರೆ ಹಿಂಭಾಗ ಕೂರುತ್ತೆ, ಟೈರ್ ನೆಲ ಕಚ್ಚುತ್ತೆ. ಆಮೇಲೆ ಒಂದು ಜಾಗ ಬರುತ್ತೆ, ನಾಲ್ಕೂ ಚಕ್ರ ಒಂದೇ ಸಮ ಹೊರಗೆ ಜಾರ್ತಿರುತ್ತೆ, ಸ್ಟಿಯರಿಂಗ್ ಹತ್ತಿರ ಹತ್ತಿರ ನೇರ ಇರುತ್ತೆ, ಗಾಡಿ ತಿರುಗ್ತಿರೋದು ಬಲಗಾಲಿಂದ. ಸ್ವಲ್ಪ ಜಾಸ್ತಿ ಕೊಟ್ರೆ ಮೂತಿ ಒಳಗೆ, ಸ್ವಲ್ಪ ಕಮ್ಮಿ ಮಾಡಿದ್ರೆ ಹೊರಗೆ. ಅದು ಮೊದಲ ಸಲ ಸಿಕ್ಕಿದ ರಾತ್ರಿ ಎರಡು ಗಂಟೆ ಇರ್ಬೇಕು, ಪಕ್ಕದಲ್ಲಿ ಮಲಗಿದ್ದ ಗೆಳೆಯನ್ನ ಎಬ್ಬಿಸಿ ರೀಪ್ಲೇ ತೋರಿಸಿದೆ, ಅವನೂ ಎದ್ದು ಕೂತ, ಬೆಳಗ್ಗೆ ತನಕ ಇಬ್ರೂ ಆ ಒಂದೇ ಟರ್ನಿಂಗು.

ಈಗ ಅಸಲು ಮಾತಿಗೆ ಬರ್ತೀನಿ. ನಮ್ಮ ವಯಸ್ಸಿನ ಸಿಮ್ ಆಡೋರಲ್ಲಿ ಒಂದು ನಂಬಿಕೆ ಇದೆ, ಜಿಪಿಎಲ್ ಅಷ್ಟು ಕಷ್ಟ ಇದ್ದಿದ್ದು ಅದು ಅಷ್ಟು ರಿಯಲ್ ಇದ್ದಿದ್ದರಿಂದ, ಈಗಿನ ಗೇಮುಗಳು ಸುಲಭ ಅಂದ್ರೆ ಎಲ್ಲೋ ಸಡಿಲ ಬಿಟ್ಟಿದಾರೆ ಅಂತ. ನಾನೂ ಇಪ್ಪತ್ತು ವರ್ಷ ಇದನ್ನೇ ನಂಬ್ಕೊಂಡಿದ್ದೆ, ಇದನ್ನೇ ಎಲ್ಲರ ಹತ್ರ ವಾದ ಮಾಡ್ತಿದ್ದೆ. ಅಕ್ಕನ ಮಗ ಇಪ್ಪತ್ತೈದು ನಿಮಿಷದಲ್ಲಿ ಅದನ್ನ ಸುಳ್ಳು ಮಾಡಿದ.

ಯೋಚನೆ ಮಾಡಿ ನೋಡಿ. ನಿಜವಾದ ಕಾರಲ್ಲಿ ಹಿಂಭಾಗ ಜಾರೋಕೆ ಶುರು ಆಗಿದ್ದು ಡ್ರೈವರಿಗೆ ಮೊದಲು ಗೊತ್ತಾಗೋದು ಕಣ್ಣಿಂದಲ್ಲ. ಸೊಂಟಕ್ಕೆ, ಬೆನ್ನಿಗೆ ಗೊತ್ತಾಗುತ್ತೆ. ಕೈಲಿರೋ ಸ್ಟಿಯರಿಂಗ್ ಹಗುರ ಆಗುತ್ತೆ. ಕಿವಿಗೆ ಟೈರಿನ ಶಬ್ದ ಬದಲಾಗೋದು ಕೇಳಿಸುತ್ತೆ. ಕಣ್ಣಿಗೆ ಕಾಣೋದು ಇದೆಲ್ಲ ಆದಮೇಲೆ. ಜಿಪಿಎಲ್ ಒಳಗೆ ಲೆಕ್ಕಾಚಾರ ಎಲ್ಲಾ ಇತ್ತು, ಸೆಕೆಂಡಿಗೆ 288 ಸಲ ಅದು ಟೈರು ಸಸ್ಪೆನ್ಷನ್ನು ಲೆಕ್ಕ ಹಾಕ್ತಿತ್ತು, 1998ರ ಕಂಪ್ಯೂಟರಲ್ಲಿ ಇದು ಸಣ್ಣ ಮಾತಲ್ಲ. ಆದ್ರೆ ಆ ಲೆಕ್ಕದಿಂದ ನಮ್ಮ ತನಕ ಬರ್ತಿದ್ದಿದ್ದು ಏನು? ಸೆಕೆಂಡಿಗೆ 36 ಚಿತ್ರ, ಅದೂ ನಮ್ಮ ಪಿಸಿಲಿ ಅಷ್ಟೂ ಇಲ್ಲ, ಹದಿನೈದು ಇಂಚಿನ ಮಾನಿಟರ್, ಎರಡು ಸಣ್ಣ ಸ್ಪೀಕರ್, ಏನೂ ಹೇಳದ ಪ್ಲಾಸ್ಟಿಕ್ ಜಾಯ್‌ಸ್ಟಿಕ್ಕು. ಬೀಗದ ತೂತಲ್ಲಿ ಕಣ್ಣಿಟ್ಟು ಗಾಡಿ ಓಡಿಸಿದ ಹಾಗೆ. ಗಾಡಿ ನಿಜಾನೇ ಹೇಳ್ತಿತ್ತು, ನಮಗೆ ಕೇಳಿಸ್ತಿರ್ಲಿಲ್ಲ. ಕ್ಲಾರ್ಕಿಗೆ ಆ ಕಾರು ಅಷ್ಟು ಕಷ್ಟ ಇರ್ಲಿಲ್ಲ, ಅವನಿಗೆ ಮೈಯೆಲ್ಲಾ ಸುದ್ದಿ ಬರ್ತಿತ್ತು.

ಈಗ ಹುಡುಗನ ಕೈಲಿದ್ದ ವೀಲು ನನ್ನ ಹಳೇ ಲಾಜಿಟೆಕ್ ಜಿ27, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಒಳಗೆ ಮೋಟರ್ ಇದೆ, ಮುಂದಿನ ಟೈರು ಹಿಡಿತ ಕಳ್ಕೊಳ್ಳೋವಾಗ ಕೈಗೆ ಸಡಿಲ ಆಗುತ್ತೆ, ಹಿಂದೆ ಜಾರಿದ್ರೆ ವೀಲೇ ಉಲ್ಟಾ ತಿರುಗೋಕೆ ಎಳೆಯುತ್ತೆ. ಅವನ ಕೈ ಮೊದಲೇ ತಿರುಗಿದ್ದು ಅದಕ್ಕೆ. ಅಂದ್ರೆ ರಿಯಲಿಸಂ ಜಾಸ್ತಿ ಆದ ಹಾಗೆ ಗಾಡಿ ಸುಲಭ ಆಗಿದೆ, ಕಷ್ಟ ಅಲ್ಲ. ಗೇಮ್ ಕಷ್ಟ ಇದೆ ಅಂತ ಅದಕ್ಕೆ ರಿಯಲ್ ಅನ್ನೋ ಸರ್ಟಿಫಿಕೇಟ್ ಕೊಡೋದನ್ನ ನಾನಂತೂ ಬಿಟ್ಟೆ. ಗೇಮಿಗೆ ತಾವೇ ಹೊಸ ಕಾರು ಸೇರಿಸೋ ಎಷ್ಟೋ ಮಾಡ್ ಮಾಡೋರು ಹಿಡಿತ ಇಲ್ಲದ ಐಸ್ ಥರದ ಟೈರ್ ಹಾಕಿ ಇದು ಹಾರ್ಡ್‌ಕೋರ್ ಅಂತಾರಲ್ಲ, ಅದನ್ನ ನೋಡಿದ್ರೆ ಬೇಜಾರಾಗುತ್ತೆ.

ಹಾಗಂತ ಎಲ್ಲಾ ಸಹಾಯಾನೂ ಒಂದೇ ಅಂತಲ್ಲ. ಕೈಗೆ ಸುದ್ದಿ ಕೊಡೋದು ಬೇರೆ, ರಸ್ತೆ ಮೇಲೆ ಹಸಿರು ಕೆಂಪು ಗೆರೆ ಎಳೆಯೋದು ಬೇರೆ. ಗೆರೆ ಇದ್ರೆ ಕಣ್ಣು ಗೆರೆ ನೋಡುತ್ತೆ, ರಸ್ತೆ ನೋಡಲ್ಲ. ನೂರು ರೌಂಡ್ ಆದಮೇಲೂ ಗೆರೆ ತೆಗೆದ್ರೆ ಬ್ರೇಕ್ ಎಲ್ಲಿ ಹಿಡೀಬೇಕು ಗೊತ್ತಿರಲ್ಲ. ತಪ್ಪು ಮಾಡಿದ್ರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗೋ ಫ್ಲ್ಯಾಶ್‌ಬ್ಯಾಕ್ ಬಟನ್ನು ಇದೆಯಲ್ಲ, ಅದು ನನಗೆ ಒಗ್ಗಲ್ಲ. ಜಿಪಿಎಲ್‌ನಲ್ಲಿ ಶಿಫ್ಟ್ ಆರ್ ಒತ್ತಿದ್ರೆ ಗಾಡಿ ರಿಪೇರಿ ಆಗಿ ಮತ್ತೆ ನಿಲ್ತಿತ್ತು, ಆದ್ರೆ ಆ ರೌಂಡು ಹೋಯ್ತು, ಅಷ್ಟು ಹೊತ್ತು ಮಾಡಿದ್ದೆಲ್ಲ ಹೋಯ್ತು. ಹೋಯ್ತಲ್ಲ ಅನ್ನೋ ಸಂಕಟದಲ್ಲೇ ಆ ಟರ್ನಿಂಗು ಮೈಗೆ ಹತ್ತುತ್ತೆ.

ಶಿಫ್ಟ್ ಆರ್ ಅಂದಾಗ ಇನ್ನೊಂದು ಹೇಳ್ಲೇಬೇಕು. ನಾವು ಯಾವ ಕಾಲವನ್ನ ಚೆನ್ನಾಗಿತ್ತು ಚೆನ್ನಾಗಿತ್ತು ಅಂತೀವೋ ಅಲ್ಲಿ ಜನ ಸಾಯ್ತಿದ್ರು. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ಆಗ ಅದು ಊರು ಮನೆಗಳ ಮಧ್ಯೆ ಹೋಗೋ 14 ಕಿಲೋಮೀಟರ್ ರಸ್ತೆ, ಮೊದಲ ರೌಂಡಲ್ಲೇ ಮಳೆಗೆ ಜಾಕಿ ಸ್ಟೀವರ್ಟ್ ಗಾಡಿ ಹೊರಗೆ ಹೋಗಿ ಅವನು ಒಳಗೆ ಸಿಕ್ಕಿಹಾಕ್ಕೊಂಡ, ಮೈಮೇಲೆ ಪೆಟ್ರೋಲ್ ಸುರೀತಾ ಇತ್ತು. ಸ್ಟಿಯರಿಂಗ್ ಬಿಚ್ಚೋಕೆ ಅಲ್ಲಿ ಯಾರ ಹತ್ರಾನೂ ಸಲಕರಣೆ ಇಲ್ಲ, ಅವನನ್ನ ಹೊರಗೆ ತೆಗೆದಿದ್ದು ಜೊತೆಗೆ ರೇಸ್ ಮಾಡ್ತಿದ್ದ ಗ್ರಹಾಂ ಹಿಲ್ ಮತ್ತೆ ಬಾಬ್ ಬಾಂಡ್ಯುರಂಟ್, ನೋಡೋಕೆ ಬಂದಿದ್ದವರ ಹತ್ರ ಸ್ಪ್ಯಾನರ್ ಇಸ್ಕೊಂಡು. ಮರುವರ್ಷ ಮೊನಾಕೋದಲ್ಲಿ ಲೊರೆಂಜೊ ಬಂಡೀನಿ ಫೆರಾರಿ ಬೆಂಕಿ ಹತ್ಕೊಂಡು ಮೂರು ದಿನಕ್ಕೆ ತೀರ್ಕೊಂಡ. 1968ರ ಏಪ್ರಿಲ್ 7ಕ್ಕೆ ಜರ್ಮನಿಯ ಹಾಕನ್‌ಹೈಮ್ ರೇಸಲ್ಲಿ ಕ್ಲಾರ್ಕೇ ಹೋದ. ಅವನಂಥವನೇ ಹೋದ್ಮೇಲೆ ನಮ್ಮ ಗತಿ ಏನು ಅಂತ ಮಿಕ್ಕ ಡ್ರೈವರುಗಳೆಲ್ಲ ನಡುಗಿಹೋದ್ರಂತೆ. ಹಳೇ ಸ್ಪಾದಲ್ಲಿ ಮಾಸ್ಟಾ ಕಿಂಕ್ ಅಂತ ಒಂದು ಜಾಗ ಬರುತ್ತೆ, ಎರಡು ಮನೆ ಗೋಡೆ ನಡುವೆ ಫುಲ್ ಸ್ಪೀಡಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುವು. ಗೇಮಲ್ಲಿ ಗ್ಯಾಸ್ ಬಿಡದೆ ಹೋಗೋಕೆ ನಾನು ನೂರಾರು ಸಲ ಆ ಗೋಡೆಗೆ ಹೊಡೆದಿದೀನಿ. 67ರಲ್ಲಿ ಡಾನ್ ಗರ್ನಿ ತಾನೇ ಕಟ್ಟಿಸಿದ ಈಗಲ್ ಕಾರಲ್ಲಿ ಅಲ್ಲಿ ಗೆದ್ದಾಗ ಸರಾಸರಿಯೇ ಗಂಟೆಗೆ 230 ಕಿಲೋಮೀಟರ್ ಮೀರಿತ್ತು, ಅವನಿಗೆ ಆ ಗೋಡೆಗೆ ಹೊಡಿಯೋಕೆ ಒಂದೇ ಚಾನ್ಸು. ಈ ಒಂದು ವಿಷಯ ಯಾವ ಸಿಮ್ಮೂ ತರೋಕಾಗಲ್ಲ, ತರಲೂಬಾರದು. ಇದು ಓದಿದ ಮೇಲೆ ನಾನು ಆ ಕಾರುಗಳನ್ನ ಸ್ವಲ್ಪ ಬೇರೆ ಥರ ಓಡಿಸ್ತೀನಿ, ಗೋಡೆ ಹತ್ರ ಬಂದ್ರೆ ಕಾಲು ತಾನಾಗೇ ಸ್ವಲ್ಪ ಎತ್ತುತ್ತೆ.

ನನಗೆ ಒಂದು ವಿಷಯ ಇನ್ನೂ ಬಿಡಿಸೋಕಾಗಿಲ್ಲ. ನನಗೆ 1967ರ ನೆನಪು ಹೇಗೆ ಬಂತು? ನಾನು ಹುಟ್ಟೇ ಇರ್ಲಿಲ್ಲ. ಫಾರ್ಮುಲಾ ಒನ್ ನಮ್ಮ ಕಡೆ ಜನ ಮಾತಾಡೋಕೆ ಶುರು ಮಾಡಿದ್ದೇ 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ಕಾರು ಹತ್ತಿದ ಮೇಲೆ. ಆದ್ರೂ ಆ ಹಸಿರು ಲೋಟಸ್ ಫೋಟೋ ಎಲ್ಲಾದ್ರೂ ಕಂಡ್ರೆ ಊರಿನ ಮನೆ ಜಗುಲಿ ಕಂಡ ಹಾಗೆ ಆಗುತ್ತೆ. ಆ ಗೇಮ್ ಮಾಡಿದೋರು ಅವರಿಗಿದ್ದ ಹಂಬಲವನ್ನ ಅದರೊಳಗೆ ಕಟ್ಟಿಟ್ಟಿದ್ರು, ನಾವು ಹಾಸ್ಟೆಲ್ಲಲ್ಲಿ ಕೂತು ಅದನ್ನ ಬಿಚ್ಚಿ ನಮ್ಮದು ಮಾಡ್ಕೊಂಡ್ವಿ, ಈಗ ನೆನಪಾಗೋದು 67ಓ ಹಾಸ್ಟೆಲ್ಲೋ ಬೇರೆ ಮಾಡೋಕಾಗಲ್ಲ. ಡಿಎಫ್‌ವಿ ಎಂಜಿನ್ ಶಬ್ದ ಅಂದ್ರೆ ನನಗೆ ಸೊಳ್ಳೆ ಬತ್ತಿ ವಾಸನೆ, ಕರೆಂಟ್ ಯಾವಾಗ ಹೋಗುತ್ತೋ ಅನ್ನೋ ಭಯ. ರೇಸಿನ ಮಧ್ಯ ಸೇವ್ ಮಾಡೋಕೆ ಬರ್ತಿರ್ಲಿಲ್ಲ, ಒಂದ್ಸಲ ಮೆಕ್ಸಿಕೋದಲ್ಲಿ ಒಂದೂವರೆ ಗಂಟೆ ಓಡಿಸಿ ಎರಡನೇ ಪ್ಲೇಸಲ್ಲಿ ಇದ್ದಾಗ ಕರೆಂಟ್ ಹೋಯ್ತು. ಮೂರು ದಿನ ಯಾರ ಹತ್ರಾನೂ ಸರಿಯಾಗಿ ಮಾತಾಡ್ಲಿಲ್ಲ ನಾನು.

ಜಿಪಿಎಲ್ ಸತ್ತಿಲ್ಲ ಅನ್ನೋದು ಸಮಾಧಾನ. ಅಭಿಮಾನಿಗಳು 1965ರದ್ದು, 1969ರದ್ದು ಅಂತ ಪೂರ್ತಿ ಸೀಸನ್ನುಗಳನ್ನೇ ಕಟ್ಟಿದಾರೆ, ನೂರಾರು ಟ್ರ್ಯಾಕ್ ಮಾಡಿದಾರೆ, ಎಲ್ಲಾ ಬಿಟ್ಟಿ. ಜಿಪಿಎಲ್ ಮಾಡಿದ ಡೇವ್ ಕೇಮರ್ ಆಮೇಲೆ ಐರೇಸಿಂಗ್ ಅನ್ನೋ ಆನ್‌ಲೈನ್ ಸಿಮ್ ಶುರು ಮಾಡಿದ, 2008ರಲ್ಲಿ ಬಂತು, ಈಗ ಫಾರ್ಮುಲಾ ಒನ್ ಡ್ರೈವರ್ ಮ್ಯಾಕ್ಸ್ ವರ್ಸ್ಟಾಪನ್ನಂಥೋರು ರಾತ್ರಿ ಕೂತು ಆಡೋದು ಅದನ್ನೇ. ಅದರಲ್ಲೂ ಲೋಟಸ್ 49 ಇದೆ. ಮಾಡಿದೋನಿಗೂ ಅದನ್ನ ಬಿಟ್ಟು ಬರೋಕೆ ಮನಸ್ಸಾಗಿಲ್ಲ ನೋಡಿ.

ಅಕ್ಕನ ಮಗ ಊರಿಗೆ ಹೋಗೋ ಹಿಂದಿನ ದಿನ ಹಳೇ ಜಿಪಿಎಲ್ ಹಾಕಿ ತೋರಿಸಿದೆ, ಜರ್ಮನಿಯ ನರ್ಬರ್ಗ್‌ರಿಂಗು ಟ್ರ್ಯಾಕು. ಹಳೇ ನಾರ್ಡ್‌ಷ್ಲೈಫಾ, ಒಂದು ರೌಂಡಿಗೆ 22.8 ಕಿಲೋಮೀಟರು, ಕ್ಲಾರ್ಕ್ 67ರಲ್ಲಿ ಪೋಲ್, ಅಂದ್ರೆ ಎಲ್ಲರಿಗಿಂತ ಮುಂದೆ ನಿಂತು ರೇಸ್ ಶುರು ಮಾಡೋ ಜಾಗ, ಗೆದ್ದಿದ್ದು 8 ನಿಮಿಷ 4 ಸೆಕೆಂಡಲ್ಲಿ. ನಾನು ಒಂದು ರೌಂಡ್ ಹಾಕಿದೆ, ಎಷ್ಟೋ ವರ್ಷ ಆಗಿತ್ತು, ಕೈ ತಾನಾಗೇ ಹೋಯ್ತು. ಹಾಟ್ಸೆನ್‌ಬಾಖ್, ಫ್ಲುಗ್‌ಪ್ಲಾಟ್ಸ್, ಶ್ವೇಡನ್‌ಕ್ರಾಯ್ಟ್ಸ್, ಫುಕ್ಸ್‌ರ‍್ಯೋರಾ, ಹೀಗೆ ಹೆಸರು ಹಿಡಿದು ಮುಂದೆ ಯಾವ ಜಾಗ ಬರುತ್ತೆ ಅಂತ ನಾನು ಹೇಳ್ತಾ ಇದ್ದೆ, ಅದು ಬರ್ತಾ ಇತ್ತು. ಮಾಮ ಇದನ್ನ ಬಾಯಿಪಾಠ ಮಾಡಿದೀರಾ ಅಂದ ಅವನು. ಮಾಡಿಲ್ಲ ಕಣೋ ಅಂದೆ.

ಅವತ್ತು ರಾತ್ರಿ ಎರಡು ಗಂಟೆಗೆ ಎಬ್ಬಿಸಿದ್ನಲ್ಲ, ಆ ಗೆಳೆಯ ಈಗ ಜರ್ಮನೀಲಿ ಕೆಲಸದಲ್ಲಿದಾನೆ. ಅಲ್ಲಿ ನಾರ್ಡ್‌ಷ್ಲೈಫಾದಲ್ಲಿ ಟಿಕೆಟ್ ತಗೊಂಡು ಯಾರು ಬೇಕಾದ್ರೂ ತಮ್ಮ ಗಾಡಿ ಓಡಿಸಬಹುದು. ಎರಡು ವರ್ಷದ ಹಿಂದೆ ಹೋಗಿದ್ದ, ಹೆಂಡತೀನ ಪಾರ್ಕಿಂಗಲ್ಲಿ ಬಿಟ್ಟು ಒಬ್ಬನೇ, ಮುಗಿಸಿ ಬಂದ ತಕ್ಷಣ ವಾಯ್ಸ್ ಮೆಸೇಜ್ ಕಳಿಸಿದ್ದ, ಉಸಿರು ಇನ್ನೂ ಸರಿ ಆಗಿರ್ಲಿಲ್ಲ ಅವನಿಗೆ. "ಲೇ, ಎಲ್ಲಾ ಟರ್ನಿಂಗೂ ಗೊತ್ತಿತ್ತು ಕಣೋ, ಒಂದೂ ತಪ್ಪಲಿಲ್ಲ, ಆದ್ರೆ ಇಷ್ಟು ಏರು ಇಳಿಜಾರು ಇದೆ ಅಂತ ಯಾರೂ ಹೇಳಿರ್ಲಿಲ್ಲ, ಫುಕ್ಸ್‌ರ‍್ಯೋರಾದಲ್ಲಿ ಬಾವಿಗೆ ಬಿದ್ದ ಹಾಗಾಯ್ತು, ಬೆರ್ಗ್‌ವೆರ್ಕ್ ಆದ್ಮೇಲೆ ಹತ್ತೋದು ಮುಗಿಯೋದೇ ಇಲ್ಲ" ಅಂತ. ಮೇಲಿಂದ ಕೆಳಗೆ ಸುಮಾರು 300 ಮೀಟರ್ ವ್ಯತ್ಯಾಸ ಇದೆ ಅಲ್ಲಿ, ಹದಿನೈದು ಇಂಚಿನ ಮಾನಿಟರಲ್ಲಿ ಅದು ಎಲ್ಲಿ ಕಾಣ್ಬೇಕು. ಆಮೇಲೆ ಸ್ವಲ್ಪ ಹೊತ್ತು ಗಾಳಿ ಶಬ್ದ ಮಾತ್ರ, ದೂರದಲ್ಲಿ ಯಾವುದೋ ಗಾಡಿ ಗೇರ್ ಇಳಿಸ್ತಿರೋದು ಕೇಳಿಸುತ್ತೆ, ಆಮೇಲೆ ಅವನು ಕೇಳ್ತಾನೆ, "ಆ ಸೇತುವೆ ದಾಟಿದ್ಮೇಲೆ ಬಲಗಡೆ ಏರು ಬರುತ್ತಲ್ಲ, ಅಲ್ಲೇ ಅಲ್ವೇನೋ ನೀನು ದಿನಾ ಬೀಳ್ತಿದ್ದಿದ್ದು? ಅಲ್ಲಿ ಬಂದಾಗ ನಿನ್ನ ನೆನೆಸ್ಕೊಂಡು ಒಂದು ಗೇರ್ ಇಳಿಸಿದೆ ನೋಡು."